ಸುಣ್ಣದ ಮಣ್ಣು

ತೋಟದಾಳು ಡೆಲ್ಮಾರ್ ಎಲೆಯೊಂದನ್ನು ಮಗುಚಿ ನೋಡಿ, "ಇದೂ ನೇರಳೆ ಬಣ್ಣ," ಎಂದು ಮುಂದಿನ ಸೇಬಿನ ಮರಕ್ಕೆ ಹೋದ. ಅವನ ಹಿಂದೆ ಕಪ್ಪುಡುಪಿನ ಲಿಯೋಟಾ. ಅವಳ ಹಿಂದೆ, ಚರ್ಚಿನ ಜೋಡು ಹಾಕಿಕೊಂಡು ಒದ್ದೆ ಹುಲ್ಲಿಗಿಳಿದ ತನ್ನ ತಪ್ಪಿಗೆ ಎಲ್ಲರನ್ನೂ ಬೈಯುತ್ತ ನಾದಿನಿ ವರ್ನಾ. ಲಿಯೋಟಾಳ ಗಂಡ ಆರ್ವಲ್‌ನ ಹೆಣ ಮಧ್ಯಾಹ್ನ ಬರುವುದಿತ್ತು. ಅಷ್ಟರೊಳಗೆ, ವರ್ಷಗಳ ಹಿಂದೆ ಅವನು ಅವರ ಮಗುವನ್ನು ಹೂತ ಜಾಗ ಸಿಕ್ಕರೆ ಗಂಡನಿಗೆ ಅದರ ಪಕ್ಕದಲ್ಲೇ ಗುಂಡಿ ಎಂದು ಲಿಯೋಟಾ ಹಟ ಹಿಡಿದಿದ್ದಳು. ಸಿಗದಿದ್ದರೆ ವರ್ನಾ ಗೊತ್ತುಮಾಡಿದ್ದ ಚರ್ಚಿನ ಹಿತ್ತಿಲು.

"ಅಣ್ಣ ಸಾಯೋವರೆಗೂ ಹೇಳದ್ದನ್ನ ಮರ ಹೇಳತ್ತಾ, ಅತ್ತಿಗೆ?"

"ನಿಮ್ಮಣ್ಣನಿಗಿಂತ ಮರಗಳೇ ಜಾಸ್ತಿ ಮಾತಾಡ್ತಿದ್ವು."

ಕೊಲರಾಡೊದ ಆ ಕಣಿವೆಯ ಮಣ್ಣಿನಲ್ಲಿ ರಂಜಕಕ್ಕೆ, ಮರಕ್ಕೂ ಮೂಳೆಗೂ ಬೇಕಾದ ಆ ಸಾರಕ್ಕೆ, ಬರವಿಲ್ಲ. ಸುಣ್ಣ ಅದನ್ನು ಕಚ್ಚಿ ಹಿಡಿದು ಬೇರಿಗೆ ಬಿಟ್ಟುಕೊಡುವುದಿಲ್ಲ, ಅಷ್ಟೆ. ಚಳಿ ಮುಗಿಯದ ವಸಂತದಲ್ಲಿ ಹಸಿದ ಮರಗಳ ಎಲೆಯಡಿ ನೇರಳೆ ಏರುತ್ತದೆ. ಆರ್ವಲ್ ಚೀಲಗಟ್ಟಲೆ ಗೊಬ್ಬರ ಸುರಿದ. ಮಣ್ಣು ನುಂಗಿ ಸುಮ್ಮನಾಯಿತು.

"ಮೇಲೆ ಹಾಕಿದ್ದು ಮೇಲೇ ನಿಲ್ಲತ್ತೆ," ಎಂದ ಡೆಲ್ಮಾರ್. "ಬೇರಿನ ಬಾಯಿಗೇ ಇಟ್ಟದ್ದನ್ನ ಮಾತ್ರ ಅದು ಹುಳಿ ಬಿಟ್ಟು ಕರಗಿಸ್ಕೊಳ್ಳತ್ತೆ. ಮೂಳೆಯಾದ್ರೂ ಸರಿ. ಅಂಥ ಮರ ಹಸಿರಾಗೇ ಇರತ್ತೆ."

ವರ್ನಾ ಮರಗಳ ಬುಡ ತುಳಿಯದೆ ಬಳಸಿಕೊಂಡು ನಡೆಯತೊಡಗಿದಳು.

* * *

ತೋಟ ಹಾಕಿದ ವರ್ಷದ ಮಾರ್ಚಿನಲ್ಲಿ ಸಸಿ ನೆಡಲು ಗುಂಡಿಗಳು ಬಾಯಿ ತೆರೆದಿದ್ದವು. ಉಸಿರಿಲ್ಲದೆ ಹುಟ್ಟಿದ ಹೆಣ್ಣುಮಗುವನ್ನು ಆರ್ವಲ್ ಹಿಟ್ಟಿನ ಚೀಲದಲ್ಲಿ ಸುತ್ತಿ ಒಯ್ದ. ಲಿಯೋಟಾ ಜ್ವರದಲ್ಲಿದ್ದಳು. ಸಂಜೆ ಬಂದು ಕೈ ತೊಳೆದು, ತೋಟದಲ್ಲಿದ್ದಾಳೆ ಎಂದ. ಎಲ್ಲಿ ಎಂದು ಕೇಳಿದಳು.

"ಹೇಳಿದ್ರೆ ನೀನು ಅಲ್ಲೇ ಕೂತ್ಬಿಡ್ತೀಯ."

ಅವಳು ಎಲ್ಲೂ ಕೂರಲಿಲ್ಲ. ಹಣ್ಣು ಕೀಳಲು ಏಣಿ ಊರುವಾಗೆಲ್ಲ ಮೊದಲು ಅಂಗೈಯಿಂದ ನೆಲ ಸವರುತ್ತಿದ್ದಳು.

* * *

ಒಂಬತ್ತನೆಯ ಸಾಲಿನ ಮರವೊಂದು ಬುಡದಿಂದ ತುದಿಯವರೆಗೆ ಕಡುಹಸಿರಾಗಿತ್ತು. ಅಲ್ಲಿ ಕಾಲುವೆ ಸೋರುತ್ತದೆ, ಅದಕ್ಕೇ ಹಾಗೆ ಎಂದು ಆರ್ವಲ್ ಹೇಳುತ್ತಿದ್ದ. ಡೆಲ್ಮಾರ್ ಅಗೆದ. ಮಣ್ಣು ಒಣಗಿತ್ತು.

ಮೊಣಕಾಲುದ್ದದ ಆಳದಲ್ಲಿ ಬೇರುಗಳು ಹರಡುವುದನ್ನು ಬಿಟ್ಟು ಒಳಕ್ಕೆ ತಿರುಗಿದ್ದವು. ಡೆಲ್ಮಾರ್ ಗುದ್ದಲಿ ಪಕ್ಕಕ್ಕಿಟ್ಟು ಕೈಯಿಂದ ಮಣ್ಣು ಬಿಡಿಸಿದ. ಒಂದು ಮೂಳೆಯೂ ಇರಲಿಲ್ಲ. ಬೇರುಗಳೇ ಹೆಣೆದುಕೊಂಡು, ತಲೆ ಬಗ್ಗಿಸಿ ಮಂಡಿ ಮಡಚಿ ಮಲಗಿದಂತಿದ್ದವು.

"ಮುಚ್ಚಪ್ಪ," ಎಂದಳು ವರ್ನಾ, ಚರ್ಚಿನೊಳಗಿನ ದನಿಯಲ್ಲಿ.

ಲಿಯೋಟಾ ಮುಟ್ಟಲಿಲ್ಲ. ಪಕ್ಕದ ನೇರಳೆ ಎಲೆಯ ಮರದ ಬುಡ ತೋರಿಸಿ, ಇಲ್ಲಿ ತೋಡು, ಅದರಷ್ಟೇ ಆಳ ಎಂದಳು.

ಶವದ ವ್ಯಾನು ಬಂತು, ಜೊತೆಗೆ ಪಾದ್ರಿಯೂ. ಆಕ್ರೋಡು ಮರದ ಪೆಟ್ಟಿಗೆ, ವರ್ನಾಳೇ ಆರಿಸಿದ್ದು. ಗುಂಡಿಯ ಅಂಚಿಗೆ ತಂದಿಟ್ಟಾಗ ಲಿಯೋಟಾ, "ಪೆಟ್ಟಿಗೆ ಬೇಡ," ಎಂದಳು.

"ಹುಚ್ಚಾ ನಿಂಗೆ? ನಾಯಿ ಹೂತ ಹಾಗೆ ಹೂಳೋದಾ?"

"ಮಗಳನ್ನ ಹೂತ ಹಾಗೆ."

ಪಾದ್ರಿ ಬೈಬಲ್ಲಿನೊಳಗೆ ಬೆರಳಿಟ್ಟು ಆಕಾಶ ನೋಡಿದರು. ಕೊನೆಗೆ ಹಾಸಿಗೆಯ ಮೇಲಿನ ಕೌದಿ ತರಿಸಿ, ಆರ್ವಲ್‌ನನ್ನು ಅದರಲ್ಲೇ ಸುತ್ತಿ ಇಳಿಸಿದರು. ಖಾಲಿ ಪೆಟ್ಟಿಗೆ ಹೊತ್ತ ವ್ಯಾನು ದೀಪ ಉರಿಸಿಕೊಂಡು ಮೆಲ್ಲಗೆ ಹಿಂದಿರುಗಿತು. ಎದುರು ಬಂದ ಟ್ರಾಕ್ಟರಿನವನು ನಿಲ್ಲಿಸಿ, ಟೋಪಿ ತೆಗೆದ.

ಗುದ್ದಲಿಗೆ ಕೈಹಾಕಿದ ಡೆಲ್ಮಾರ್‌ನನ್ನು ಲಿಯೋಟಾ ತಡೆದಳು. ಕಪ್ಪುಡುಪಿನಲ್ಲೇ ಹೊಟ್ಟೆಯ ಮೇಲೆ ಮಲಗಿ, ಗುಂಡಿಯೊಳಕ್ಕೆ ಕೈ ಚಾಚಿದಳು. ಗೋಡೆಯಿಂದ ಜೋತುಬಿದ್ದಿದ್ದ ಬಿಳಿಯ ಎಳೆಬೇರುಗಳನ್ನು ಒಂದೊಂದಾಗಿ ಎತ್ತಿ, ನಿದ್ದೆಹೋದವರ ಹಣೆಗೂದಲು ಸರಿಮಾಡುವ ಹಾಗೆ, ಕೌದಿಯ ಮಡಿಕೆಗಳೊಳಗೆ ಸೇರಿಸತೊಡಗಿದಳು.