ಕರಣೆ ಹಿಡಿದ ವಾಕಿಂಗು

ಒಂದು ಕಾಲು ಮೋರಿಯ ಚಪ್ಪಡಿಯ ಮೇಲೆ, ಇನ್ನೊಂದು ರಸ್ತೆಯ ಮೇಲೆ. ಹಾಗೆ ನಡೆಯುತ್ತಿದ್ದ ಗಾರೆ ಮೇಸ್ತ್ರಿಯ ಮೊಣಕೈಯನ್ನು ಲಾರಿ ಸವರಿಕೊಂಡೇ ಹೋಯಿತು. ಪಕ್ಕಕ್ಕೆ ಸರಿಯೋಣವೆಂದರೆ ಜಾಗವೆಲ್ಲಿದೆ? ಸ್ಕೂಟರುಗಳು, ಕಸದ ಗುಡ್ಡೆ, ಅದರ ಮೇಲೆ ಯಜಮಾನಿಕೆ ನಡೆಸುವ ನಾಯಿಗಳು. ಹೋದ ವರ್ಷ ಸಕ್ಕರೆ ಕಾಯಿಲೆಗೆ ಅವನ ಎಡಗಾಲಿನ ಕಿರುಬೆರಳು ಹೋಗಿತ್ತು. ದಿನಾ ನಲವತ್ತು ನಿಮಿಷ ನಡೆಯದಿದ್ದರೆ ಮುಂದಿನ ಸಲ ಪಾದವೇ ಎಂದು ಡಾಕ್ಟರು ಮುಲಾಜಿಲ್ಲದೆ ಹೇಳಿದ್ದರು. ಎಲ್ಲಿ ನಡೆಯಬೇಕೆಂದು ಹೇಳಿರಲಿಲ್ಲ.

"ಆಚೆ ಬಡಾವಣೆ ಪಾರ್ಕಿಗೆ ಹೋಗ್ರೀ. ಅಲ್ಲಿ ಕಲ್ಲು ಹಾಸಿದ್ದು ನೀವೇ ಅಲ್ವಾ?" ಎಂದಳು ಹೆಂಡತಿ.

ಹೋದ. ಗೇಟಿನಲ್ಲಿ ಪರಿಚಯದ ಕಾವಲುಗಾರ ಅಡ್ಡ ನಿಂತ. "ಇಲ್ಲಿ ಮನೆ ಇರೋರಿಗೆ ಮಾತ್ರ, ಮೇಸ್ತ್ರಿ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

ಮೇಸ್ತ್ರಿ ಸರಳುಗಳ ಸಂದಿಯಿಂದ ಇಣುಕಿದ. "ಆ ತಿರುವಲ್ಲಿ ಒಂದು ಕಲ್ಲು ಎದ್ದಿದೆ ನೋಡಪ್ಪ. ಮರದ ಬೇರು ಎತ್ತಿರಬೇಕು."

ಕಾವಲುಗಾರ ಕತ್ತು ಕೆರೆದುಕೊಂಡ. "ಕೆಲಸಕ್ಕೆ ಬಂದೋರನ್ನ ಬಿಡಬಹುದು. ನಾಳೆ ಗಾರೆ ಮೆತ್ತೋ ಕರಣೆ ಹಿಡ್ಕೊಂಡು ಬನ್ನಿ."

ಮಾರನೆಯ ದಿನದಿಂದ ಕರಣೆ ಹಿಡಿದೇ ವಾಕಿಂಗು. ಬಿಟ್ಟಿಯಾಗಿ ಒಂದು ಕಲ್ಲು ಕೂರಿಸುವುದು, ಆಮೇಲೆ ನೆರಳಿನಲ್ಲಿ ಆರು ಸುತ್ತು. ಎರಡು ತಿಂಗಳಿಗೆ ಸಕ್ಕರೆ ಇಳಿಯಿತು. ಅಷ್ಟರಲ್ಲಿ ಎದ್ದ ಕಲ್ಲುಗಳೂ ಮುಗಿದುಹೋದವು. ಉಳಿದವು ಜಪ್ಪಯ್ಯ ಅಂದರೂ ಅಲ್ಲಾಡುವಂಥವಲ್ಲ. ಪ್ರಾಯದ ಸೊಕ್ಕಿನಲ್ಲಿ ಅಷ್ಟು ಗಟ್ಟಿಯಾಗಿ ಕೂರಿಸಿದ್ದ. ತನ್ನ ಕೈಯನ್ನೇ ಬೈದುಕೊಳ್ಳುತ್ತ, ದಿನಕ್ಕೊಂದು ಒಳ್ಳೆಯ ಕಲ್ಲನ್ನು ತಾನೇ ಮೀಟಿ ಎಬ್ಬಿಸತೊಡಗಿದ.

ಒಂದು ಬೆಳಿಗ್ಗೆ ಬಡಾವಣೆ ಸಂಘದ ಕಾರ್ಯದರ್ಶಿ ಬಂದು ನಿಂತರು. ಹಿಂದೆ ಕಾವಲುಗಾರ.

"ದಿನಾ ಒಂದು ಕಲ್ಲು ಏಳುತ್ತಲ್ಲಯ್ಯಾ! ಯಾವ ದರಿದ್ರದವನು ಹಾಸಿದ್ದು ಇದನ್ನ?"

ಕಾವಲುಗಾರ ತಲೆ ತಗ್ಗಿಸಿದ. ಮೂವತ್ತು ವರ್ಷಗಳಲ್ಲಿ ಮೇಸ್ತ್ರಿಯ ಕೆಲಸದಲ್ಲಿ ಯಾರೂ ಕೊಂಕು ತೆಗೆದಿರಲಿಲ್ಲ. ಚಪ್ಪಲಿಯೊಳಗೆ ಉಳಿದ ನಾಲ್ಕು ಬೆರಳುಗಳನ್ನು ಅವನು ಮುದುಡಿಕೊಂಡ.

"ಯಾರೋ ಕೆಲಸ ಗೊತ್ತಿಲ್ಲದೋನು, ಸಾರ್. ಪೂರ್ತಿ ಸರಿ ಮಾಡೋಕೆ ಇನ್ನೂ ಒಂದು ವರ್ಷ ಬೇಕು."

"ಸರಿ, ದಿನಾ ಬಾ," ಎಂದು ಅವರು ಮುಂದೆ ನಡೆದರು.

ಮೇಸ್ತ್ರಿ ಕರಣೆಯ ತುದಿಗೆ ಅಂಟಿದ ಗಾರೆ ಒರೆಸಿದ. ಅವರು ತಿರುವು ದಾಟುವವರೆಗೆ ಕಾದು, ಆ ದಿನದ ಮೊದಲ ಸುತ್ತು ಶುರು ಮಾಡಿದ.