ಅತ್ತೆಯ ಹೆಸರಿನ ಮೊಟ್ಟೆ

ನನಗೆ ಮೂಗಿನ ತುದಿಯಲ್ಲೇ ಕೋಪವಂತೆ. ನಮ್ಮ ಕೇರಿಯ ಹೆಂಗಸರು ಹೇಳಿಕೊಂಡು ತಿರುಗುತ್ತಾರೆ. ತಿರುಗಲಿ. ಗಜಾಲಾ ಎಂಬ ನಮ್ಮತ್ತೆಯ ಜೊತೆ ಒಂದೇ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಏಗಿ ನೋಡಲಿ, ಆಮೇಲೆ ಮಾತಾಡಲಿ. ಮೀನಿನ ಸಾರಿಗೆ ಉಪ್ಪು ಹಾಕಿದರೆ ಜಾಸ್ತಿಯಾಯಿತು, ಹಾಕದಿದ್ದರೆ ಸಪ್ಪೆಯಾಯಿತು. ನಾನು ಬಾಗಿಲು ಮುಚ್ಚಿದರೆ ಅವರಿಗೆ ಸೆಕೆ, ತೆಗೆದರೆ ದೂಳು.

ನಮ್ಮ ಯೆಹೂದ್ಯರ ಘ್ರೀಬಾ ಯಾತ್ರೆಯ ಮೊದಲ ದಿನ ಬೆಳಗ್ಗೆ ನಾನು ಒಲೆಯ ಮೇಲೆ ಮೊಟ್ಟೆ ಬೇಯಲು ಇಟ್ಟಿದ್ದೆ. ಒಂದೇ ಮೊಟ್ಟೆ, ನನ್ನ ಮಗಳು ತೈತಾಳಿಗೆ. ಮದುವೆಗೆ ಬಂದ ಹುಡುಗಿಯ ಹೆಸರನ್ನು ಮೊಟ್ಟೆಯ ಮೇಲೆ ಬರೆದು, ಘ್ರೀಬಾ ಪ್ರಾರ್ಥನಾಮಂದಿರದಲ್ಲಿ ಧರ್ಮಗ್ರಂಥಗಳ ಕಪಾಟಿನ ಕೆಳಗಿರುವ ಗವಿಯೊಳಗೆ, ಪುಣ್ಯವತಿ ಘ್ರೀಬಾ ತಾಯಿ ಮಲಗಿದ ಜಾಗದಲ್ಲಿ ಇಟ್ಟು ಬರಬೇಕು. ಒಂದು ರಾತ್ರಿ ದೀಪಗಳ ನಡುವೆ ಅದು ಅಲ್ಲೇ ಇರಬೇಕು. ಮರುದಿನ ತಂದು ಹುಡುಗಿಗೆ ತಿನ್ನಿಸಿದರೆ ವರ್ಷದೊಳಗೆ ಗಂಡು ಬರುತ್ತದೆ. ನನಗೆ ಖಲೀಫಾ ಸಿಕ್ಕಿದ್ದೂ ಹಾಗೆಯೇ. ಘ್ರೀಬಾ ತಾಯಿಯ ಮೇಲೆ ನನಗೆ ಏನಾದರೂ ದೂರಿದ್ದರೆ ಅದೊಂದೇ.

ಅತ್ತೆ ಬಂದವರೇ ನೀರಿಗೆ ಇನ್ನೊಂದು ಮೊಟ್ಟೆ ಬಿಟ್ಟರು.

"ಅದ್ಯಾಕೆ ಅತ್ತೆ? ನಮಗಿರೋಳು ಒಬ್ಬಳೇ ಮಗಳು."

"ಬೇಯಲಿ ಬಿಡು. ಬೆಂದ ಮೇಲೆ ಹೆಸರು ಬರೆದುಕೊಡು. ನನಗೆಲ್ಲಿ ಬರೆಯೋಕೆ ಬರುತ್ತೆ?"

"ಯಾರ ಹೆಸರು?"

"ನಂದು."

ಸೌಟು ಕೈಯಿಂದ ಜಾರಿತು. ಅತ್ತೆಗೆ ಅರವತ್ತೇಳು. ಮಾವ ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ತಮಾಷೆಯೇನೋ ಎಂದು ಮುಖ ನೋಡಿದೆ. ಕಿವಿಯವರೆಗೂ ಕೆಂಪಾಗಿದ್ದರು, ಆದರೆ ಕಣ್ಣು ತಪ್ಪಿಸಲಿಲ್ಲ.

"ಯಾರು ಆ ಪುಣ್ಯಾತ್ಮ?" ಎಂದೆ.

"ಹುವೀತಾ."

ಅಯ್ಯೋ ನನ್ನ ತಾಯಿ! ಹುವೀತಾ ಎಂದರೆ ಘ್ರೀಬಾದ ಒಳಕೋಣೆಯ ಬೆಂಚಿನಲ್ಲಿ ಕುಳಿತು ದಾವೀದನ ಕೀರ್ತನೆ ಓದುವ ವಿಧುರ. ನಮ್ಮತ್ತೆ ವಾರ ತಪ್ಪದೆ ದೀಪಕ್ಕೆ ಎಣ್ಣೆ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದರು. ನಾನು ಭಕ್ತಿ ಅಂದುಕೊಂಡಿದ್ದೆ. ಎಂಥ ದಡ್ಡಿ ನಾನು!

"ಅವರಿಗೆ ಗೊತ್ತಾ?"

"ಎಲ್ಲಿ ಗೊತ್ತು? 'ಎಣ್ಣೆ ತಂದ್ರಾ ಗಜಾಲಾ' ಅಂತಾರೆ, 'ತಂದೆ' ಅಂತೀನಿ. ಅಷ್ಟೇ ಮಾತು. ನಿನ್ನ ಗಂಡನಿಗೆ ಮಾತ್ರ ಹೇಳಬೇಡ ಕಣೇ ಕಮ್ಮೂನಾ. ಅವನು ಬೇಡ ಅಂದುಬಿಟ್ಟರೆ ಮುಗೀತು. ಮಗನ ಮಾತು ಮೀರಿ ಈ ವಯಸ್ಸಲ್ಲಿ ಹೊಸಿಲು ದಾಟೋಕೆ ನನ್ನ ಕೈಲಾಗಲ್ಲ. ಮೊದಲು ತಾಯಿ ಒಪ್ಪಲಿ, ಆಮೇಲೆ ಅವನನ್ನ ಕೇಳ್ತೀನಿ."

ನನಗೆ ಹಬ್ಬವಾಗಬೇಕಿತ್ತು. ಅಡುಗೆಮನೆ ಪೂರ್ತಿ ನನ್ನದಾಗುತ್ತದೆ, ಉಪ್ಪೂ ನನ್ನದೇ. ಆದರೆ ಪೆನ್ಸಿಲ್ ಹಿಡಿದು ಕುಳಿತರೆ ಬೇರೆಯೇ ಯೋಚನೆ. ಇವರು ಹೋದರೆ ನಾನು ಇಡೀ ದಿನ ಯಾರ ಜೊತೆ ಜಗಳವಾಡಲಿ? ಸಿಟ್ಟಿನಲ್ಲೇ ಬರೆದೆ. ವಕ್ರವಾಯಿತು, ಆದರೂ ಓದಬಹುದಿತ್ತು.

ಮಧ್ಯಾಹ್ನ ಘ್ರೀಬಾಕ್ಕೆ ಹೋದೆವು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಜನವೋ ಜನ. ಮೇಣದ ಹೊಗೆ, ಹೆಂಗಸರ ಸಂಭ್ರಮದ ಉಲುಲು ಕೂಗು, ಅದರ ಮಧ್ಯೆ ಹುವೀತಾರ ಕೀರ್ತನೆ. ಅತ್ತೆಯ ಮಂಡಿ ಬಗ್ಗುವುದಿಲ್ಲ, ಹಾಗಾಗಿ ನಾನೇ ತಲೆ ತಗ್ಗಿಸಿ ಗವಿಯೊಳಗೆ ತೆವಳಿದೆ. ಎರಡೂ ಮೊಟ್ಟೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟೆ. ತೈತಾಳಿಗೆ ಒಳ್ಳೆಯ ಹುಡುಗನನ್ನು ಕೊಡು ತಾಯಿ ಎಂದೆ. ಆಮೇಲೆ, ಈ ಮುದುಕಿಗೂ ಅವರು ಕೇಳಿದ್ದನ್ನು ಕೊಡು, ಎಂದೆ. ಮನಸ್ಸಿಟ್ಟೇ ಹೇಳಿದೆ.

ಮರುದಿನ ಬಂದು ಎರಡನ್ನೂ ತೆಗೆದೆ. ಮಸಿ, ಮೇಣ ಮೆತ್ತಿಕೊಂಡು ಹೆಸರು ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಎದುರಿನ ಛತ್ರದ ಅಂಗಳದಲ್ಲಿ ಡೋಲು ಬಡಿಯುತ್ತಿದ್ದರು, ಮೊಟ್ಟೆ ತುಂಬಿದ ಬ್ರೀಕ್ ಕಡುಬು ಕರಿಯುವ ಎಣ್ಣೆಯ ವಾಸನೆ ತುಂಬಿತ್ತು. ಅತ್ತೆಯನ್ನು ನೆರಳಲ್ಲಿ ಕೂರಿಸಿ, ಪಕ್ಕದಲ್ಲಿ ಬುಟ್ಟಿ ಇಟ್ಟು, ನಾನೂ ತೈತಾಳೂ ಬಾದಾಮಿ ಕೊಳ್ಳಲು ಹೋದೆವು. ವಾಪಸ್ಸು ಬಂದರೆ ಅತ್ತೆ ಗೋಡೆಗೆ ಒರಗಿ ತೂಕಡಿಸುತ್ತಿದ್ದಾರೆ, ಪಕ್ಕದಲ್ಲಿ ನನ್ನ ಗಂಡ ಖಲೀಫಾ. ಎರಡು ಲೋಟ ಅಂಜೂರದ ಸಾರಾಯಿ ಏರಿಸಿ ಬಂದ ಮಹಾರಾಯ, ಬೆಂಚಿನ ಮೇಲೆ ಮೊಟ್ಟೆಯ ಸಿಪ್ಪೆ ಗುಡ್ಡೆ ಹಾಕಿಕೊಂಡು ಬಾಯಿ ತುಂಬ ಅಗಿಯುತ್ತಿದ್ದಾನೆ.

"ರೀ! ಏನ್ರೀ ತಿಂತಿದೀರಾ?"

"ಮೊಟ್ಟೆ. ಹಸಿವಾಗಿತ್ತು. ಉಪ್ಪಿದ್ರೆ ಕೊಡು."

"ನಿಮ್ಮ ಹೊಟ್ಟೆಗಿಷ್ಟು ಬೆಂಕಿ ಹಾಕ! ಅದು ಗವಿಯಿಂದ ತಂದ ಮೊಟ್ಟೆ ಕಣ್ರೀ!"

ಅವನ ಬಾಯಿ ನಿಂತಿತು. "ತೈತಾಂದಾ? ಅಯ್ಯೋ ದೇವರೇ! ಉಗುಳಿಬಿಡ್ಲಾ?"

ನಾನು ಬುಟ್ಟಿಗೆ ಕೈ ಹಾಕಿ ಉಳಿದ ಮೊಟ್ಟೆಯನ್ನು ಸೆರಗಿನಿಂದ ಉಜ್ಜಿದೆ. ತೈತಾಳ ಹೆಸರು ಕಾಣಿಸಿತು. ಜೀವ ಬಂತು, ಮರುಗಳಿಗೆಯೇ ಹೋಯಿತು. ಹಾಗಾದರೆ ಅವನು ತಿಂದಿದ್ದು...

"ಮಗಳದ್ದು ಇದೆಯಲ್ಲ, ಮತ್ಯಾಕೆ ಕೂಗ್ತೀಯ? ಇದ್ಯಾರದ್ದು?" ಎಂದ.

"ನಂದು," ಎಂದರು ಅತ್ತೆ. ಯಾವಾಗ ಎಚ್ಚರವಾಯಿತೋ ಏನೋ.

ಖಲೀಫಾ ಮೊದಲು ನಕ್ಕ. ಯಾರೂ ನಗಲಿಲ್ಲವೆಂದು ನಿಲ್ಲಿಸಿದ. "ಅಮ್ಮಾ, ಏನಿದು? ಜನ ಕೇಳಿದರೆ ಏನಂದುಕೊಳ್ತಾರೆ? ನಾವು ನಿನಗೇನು ಕಡಿಮೆ ಮಾಡಿದೀವಿ?"

"ಏನೂ ಕಡಿಮೆ ಮಾಡಿಲ್ಲ ಕಣೋ. ಸೊಸೆ ಬಾಯಿ ಜೋರು, ಆದ್ರೂ ಮೂರು ಹೊತ್ತೂ ಬಿಸಿ ಊಟ ಹಾಕ್ತಾಳೆ. ರಾತ್ರಿ ನೀವಿಬ್ಬರು ಗೊಣಗಾಡ್ತೀರಲ್ಲ, ಗೋಡೆಯಾಚೆ ನನಗೆ ಕೇಳುತ್ತೆ. ನನಗೂ ಗೊಣಗೋಕೆ ಒಬ್ಬರು ಬೇಕು ಕಣಪ್ಪ. ಇನ್ನೇನೂ ಬೇಡ." ಅತ್ತೆ ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಇಟ್ಟುಕೊಂಡರು. "ಹೋಗಲಿ ಬಿಡು. ತಾಯಿಗೇ ಇಷ್ಟವಿಲ್ಲ ಅಂತ ಕಾಣುತ್ತೆ. ಇಲ್ಲದಿದ್ದರೆ ಇಷ್ಟು ಜನರಲ್ಲಿ ನನ್ನ ಮಗನೇ ಬಂದು ತಿನ್ನಬೇಕಿತ್ತಾ?"

ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಈ ಹೆಂಗಸು ನನ್ನ ಮುಂದೆ ಒಂದು ದಿನವೂ ಸೋತವರಲ್ಲ. ಇಂದು ಒಂದು ಮೊಟ್ಟೆಗೆ ಸೋತು ಕೂತಿದ್ದಾರೆ.

"ತಾಯಿಗೆ ಇಷ್ಟವಿಲ್ಲ ಅಂತ ಯಾರು ಹೇಳಿದ್ದು?" ಎಂದು ಗಂಡನ ಮೇಲೆ ಎಗರಿದೆ. "ನಿಮ್ಮ ಹೊಟ್ಟೆಬಾಕತನಕ್ಕೆ ತಾಯಿ ಏನು ಮಾಡ್ತಾಳೆ? ಹೆತ್ತಮ್ಮನ ಅದೃಷ್ಟಾನೇ ನುಂಗಿ ಕೂತಿದೀರಲ್ರೀ! ಊರಿನಲ್ಲಿ ಯಾರಾದರೂ ಇಂಥದ್ದು ಮಾಡಿದ್ದು ಕೇಳಿದೀರಾ?"

ಖಲೀಫಾ ತುಟಿಗೆ ಅಂಟಿದ ಹಳದಿಯನ್ನು ಒರೆಸಿಕೊಂಡ. ಒಮ್ಮೆ ಅಮ್ಮನ ಅಂಗೈ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಇನ್ನೊಬ್ಬರ ಹೆಸರಿನ ಮೊಟ್ಟೆ ತಿನ್ನುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಅವನಿಗೂ ಗೊತ್ತು. ಎದ್ದು ಹೋದ. ಸಿಟ್ಟು ಮಾಡಿಕೊಂಡು ಮನೆಗೆ ಹೊರಟನೇನೋ ಎಂದುಕೊಂಡೆ.

ಹೋದವನು ಬ್ರೀಕ್ ಮಾರುವವಳ ಹತ್ತಿರ ಒಂದು ಮೊಟ್ಟೆ ಬೇಯಿಸಿಕೊಂಡು ಬಂದ. ಬೆಂಚಿನ ಮೇಲೆ ಕುಳಿತು, ಜೇಬಿನಿಂದ ಪೆನ್ಸಿಲ್ ತೆಗೆದು, ಬಿಸಿ ಮೊಟ್ಟೆಯನ್ನು ಕರವಸ್ತ್ರದಲ್ಲಿ ಹಿಡಿದು ಅಮ್ಮನ ಹೆಸರು ಬರೆಯತೊಡಗಿದ. ಅವನು ಅಕ್ಕಸಾಲಿ, ಬಳೆಗಳ ಮೇಲೆ ಹೆಸರು ಕೆತ್ತುವವನು. ಉಸಿರು ಬಿಗಿಹಿಡಿದು ಬರೆದ. ನನ್ನ ಅಕ್ಷರಕ್ಕಿಂತ ನೂರು ಪಾಲು ಚೆನ್ನಾಗಿತ್ತು, ಒಪ್ಪಿಕೊಳ್ಳಬೇಕು.

"ಕೊಡಿ, ನಾನು ಇಟ್ಟು ಬರ್ತೀನಿ," ಎಂದೆ.

"ಬೇಡ. ತಿಂದೋನು ನಾನು, ಇಡೋನೂ ನಾನೇ. ನಾಳೆ ಬೆಳಗ್ಗೆ ನಾನೇ ಬಂದು ತರ್ತೀನಿ."

ನಾವೆಲ್ಲ ಅವನ ಹಿಂದೆ ಒಳಗೆ ಹೋದೆವು. ಆ ಗವಿಯ ಬಾಯಿ ಹುಡುಗಿಯರಿಗೆ ಸಾಕು, ನನಗೇ ಬಿಗಿ. ಖಲೀಫಾ ಮಂಡಿಯೂರಿ ತಲೆ ತೂರಿಸಿದ, ಭುಜ ತೂರಿಸಿದ. ಹೊಟ್ಟೆ ಸಿಕ್ಕಿಕೊಂಡಿತು. ಹೆಂಗಸರು ಗೊಳ್ಳೆಂದು ನಕ್ಕರು. ತೈತಾ ಒಂದು ಕಾಲು, ನಾನೊಂದು ಕಾಲು ಹಿಡಿದು ಹೊರಗೆ ಎಳೆದೆವು. ಮುಖವೆಲ್ಲ ಮಸಿ ಮಾಡಿಕೊಂಡು ಬಂದ. ಆದರೆ ಕೈ ಖಾಲಿಯಿತ್ತು. ಮೊಟ್ಟೆ ತಲುಪಿತ್ತು.

ಬೆಂಚಿನ ಮೇಲೆ ಕೀರ್ತನೆ ನಿಂತಿತ್ತು. ಹುವೀತಾ ಕನ್ನಡಕದ ಮೇಲಿಂದ ನೋಡುತ್ತಿದ್ದರು.

"ಏನಪ್ಪಾ ಖಲೀಫಾ, ಮಗಳಿಗಾ?"

ಹೌದು ಎಂದುಬಿಟ್ಟರೆ ಮರ್ಯಾದೆಯೂ ಉಳಿಯುತ್ತದೆ, ಮಾತೂ ಅಲ್ಲಿಗೇ ಮುಗಿಯುತ್ತದೆ. ಸುತ್ತ ಅಷ್ಟೊಂದು ಜನ.

"ಇಲ್ಲ," ಎಂದ ನನ್ನ ಗಂಡ, ಎಲ್ಲರಿಗೂ ಕೇಳುವಂತೆ. "ನಮ್ಮಮ್ಮನಿಗೆ."

ನಗು ಅಲ್ಲಲ್ಲೇ ನಿಂತಿತು. ಅತ್ತೆ ನನ್ನ ಕೈ ಹಿಡಿದುಕೊಂಡರು. ನಾನು ಗಟ್ಟಿಯಾಗಿ ಹಿಡಿದೆ.

ಹುವೀತಾ ಪುಸ್ತಕದ ಹಾಳೆಗೆ ಬೆರಳಿಟ್ಟರು. "ಅವರಿಗೆ ಎಂಥ ಗಂಡು ಬೇಕಂತೆ?" ಎಂದು ಕೇಳಿದರು. ದನಿ ತಗ್ಗಿತ್ತು.

ಪಾಪ, ಖಲೀಫಾನಿಗೆ ಏನೂ ಗೊತ್ತಿರಲಿಲ್ಲ. ಮಸಿ ಒರೆಸಿಕೊಳ್ಳುತ್ತ, "ನಾನು ಕೇಳಿಲ್ಲ. ಅಲ್ಲೇ ನಿಂತಿದ್ದಾಳಲ್ಲ, ನೀವೇ ಕೇಳಿ," ಎಂದ.

ಹುವೀತಾ ಪುಸ್ತಕ ಮುಚ್ಚಿ ಮುತ್ತಿಟ್ಟು, ಬೆಂಚಿನಿಂದ ಎದ್ದು ನಿಂತರು. ಅತ್ತೆ ತಲೆವಸ್ತ್ರ ಸರಿಮಾಡಿಕೊಂಡು, ನನ್ನ ಕೈ ಬಿಟ್ಟು ಮುಂದೆ ಹೋದರು.