ತಡೆದಿಟ್ಟ ಚೀಟಿ

ಬೆಳಗಿನ ಗ್ರಾಫ್ ನೋಡಿ ಗ್ರಾಫಮ್ಮನಿಗೆ ಹೊಟ್ಟೆ ತಣ್ಣಗಾಯಿತು. ಹನ್ನೆರಡು ವರ್ಷ ಹಲ್ಲು ಕಚ್ಚಿ ಕಾದ ದಿನ ತಾನಾಗಿಯೇ ಬಂದಿತ್ತು.

ಕರಾವಳಿಯ ಆ ರೇಡಿಯೋ ಕೇಂದ್ರದಲ್ಲಿ ಅವಳ ಕೆಲಸ ಇಷ್ಟೇ. ಯಂತ್ರ ಗಂಟೆಗೊಮ್ಮೆ ಮೇಲಕ್ಕೆ ರೇಡಿಯೋ ಅಲೆ ಕಳಿಸುತ್ತದೆ. ಅಯಾನುಗೋಳ, ಅಂದರೆ ಬಹಳ ಎತ್ತರದಲ್ಲಿ ಸೂರ್ಯನ ಕಿರಣ ತಾಗಿ ವಿದ್ಯುತ್ತು ತುಂಬಿಕೊಂಡ ಗಾಳಿಯ ಪದರ, ಅದನ್ನು ಹಿಂದಕ್ಕೆ ಕಳಿಸುತ್ತದೆ. ಯಾವ ಅಲೆ ಮರಳಿತೆಂದು ಗ್ರಾಫಿನಲ್ಲಿ ಓದಿ, ದೂರದ ಹಡಗುಗಳ ಜೊತೆ ಇಂದು ಯಾವ ಫ್ರೀಕ್ವೆನ್ಸಿಯಲ್ಲಿ ಮಾತಾಡಬೇಕೆಂದು ಅವಳು ಚೀಟಿ ಬರೆಯುತ್ತಾಳೆ. ಕೇಂದ್ರದ ಮುಖ್ಯಸ್ಥರಾದ ಸಾಹೇಬರ ಸಹಿಯಾದ ಮೇಲೆ ಚೀಟಿ ರೇಡಿಯೋ ಕೋಣೆಗೆ ಹೋಗುತ್ತದೆ. ಚೀಟಿ ಬರದಿದ್ದರೆ ನಿನ್ನೆಯದೇ ಫ್ರೀಕ್ವೆನ್ಸಿ. ಆಪರೇಟರ್ ತಾನಾಗಿ ಬದಲಿಸುವಂತಿಲ್ಲ.

ಮೊನ್ನೆ ಸೂರ್ಯನಿಂದ ಸಿಡಿದ ಕಣಗಳು ಭೂಮಿಯ ಕಾಂತಕ್ಷೇತ್ರಕ್ಕೆ ಬಡಿದು ಕಾಂತೀಯ ಬಿರುಗಾಳಿ ಎಬ್ಬಿಸಿದ್ದವು. ಮೇಲಿನ ಪದರ ಈಗ ತೆಳುವಾಗಿ, ನಿನ್ನೆ ಮರಳಿದ ಅಲೆ ಇಂದು ತೂರಿಕೊಂಡು ಆಚೆ ಹೋಗಿಬಿಡುತ್ತಿತ್ತು. ಫ್ರೀಕ್ವೆನ್ಸಿ ಅರ್ಧಕ್ಕೆ ಇಳಿಸದೆ ಬೇರೆ ದಾರಿಯಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಇಂಥದ್ದೇ ಬಿರುಗಾಳಿಯಲ್ಲಿ ಸಾಹೇಬರು ಚೀಟಿಗೆ ಸಹಿ ಹಾಕಿ, ಜೇಬಿನಲ್ಲಿಟ್ಟುಕೊಂಡು ಊಟಕ್ಕೆ ಹೋಗಿದ್ದರು. ಹಡಗೊಂದು ನಾಲ್ಕು ಗಂಟೆ ಸಹಾಯಕ್ಕಾಗಿ ಕೂಗಿ ಕೂಗಿ ಸುಮ್ಮನಾಯಿತು. ‘ಆಪರೇಟರ್ ನಿದ್ದೆ ಮಾಡುತ್ತಿದ್ದ’ ಎಂದು ಸಾಹೇಬರು ವರದಿ ಬರೆದು ಕೈತೊಳೆದುಕೊಂಡರು. ಕೆಲಸ ಕಳೆದುಕೊಂಡ ಆ ಆಪರೇಟರ್ ಗ್ರಾಫಮ್ಮನ ಅಪ್ಪ. “ನಾನು ನಿಜವಾಗ್ಲೂ ನಿದ್ದೆ ಮಾಡಿದ್ನೇನಮ್ಮಾ?” ಎಂದು ಸಾಯುವ ತನಕ ಮಗಳನ್ನು ಕೇಳುತ್ತಿದ್ದರು. ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವಳು ಆ ಚೀಟಿಯ ಕಾರ್ಬನ್ ಪ್ರತಿಯನ್ನು ಹುಡುಕಿ ತೆಗೆದಳು: ಸಾಹೇಬರ ಸಹಿ, ತಾರೀಖು, ಸಮಯ ಎಲ್ಲ ಇದ್ದವು, ಪಡೆದ ಆಪರೇಟರ್ ಸಹಿ ಹಾಕುವ ಜಾಗ ಮಾತ್ರ ಖಾಲಿಯಿತ್ತು. ಎರಡು ಸಲ ಮುಖ್ಯ ಕಚೇರಿಗೆ ಬರೆದಳು. ಮುಗಿದ ಫೈಲು ಎಂಬ ಉತ್ತರ ಬಂತು.

ಇಂದು ಹನ್ನೊಂದಕ್ಕೆ ಮುಖ್ಯ ಕಚೇರಿಯವರ ಎದುರು ಸಾಹೇಬರು ಹಡಗಿನ ಜೊತೆ ಮಾತಾಡಿ ತೋರಿಸಬೇಕಿತ್ತು. ಗ್ರಾಫಮ್ಮ ಚೀಟಿ ಬರೆದು ತನ್ನ ಡ್ರಾಯರಿಗೆ ಹಾಕಿ ಬೀಗ ಜಡಿದಳು. ಸಮುದ್ರ ಶಾಂತವಾಗಿದೆಯೆಂದು ಎರಡೆರಡು ಸಲ ನೋಡಿಕೊಂಡಿದ್ದಳು. ಹಾಳಾಗಬೇಕಾದವರು ಒಬ್ಬರೇ. ಅತಿಥಿಗಳನ್ನು ಎದುರುಗೊಳ್ಳುವ ಗಡಿಬಿಡಿಯಲ್ಲಿ ಸಾಹೇಬರಿಗೆ ಚೀಟಿಯ ನೆನಪೇ ಆಗಲಿಲ್ಲ.

ಸಾಹೇಬರು ಮೈಕ್ ಹಿಡಿದು ಕರೆದರು. ಬರೀ ಸುಯ್ ಎಂಬ ಸದ್ದು. ಮತ್ತೆ ಮತ್ತೆ ಕರೆದರು. ಇಪ್ಪತ್ತು ನಿಮಿಷ ಕಳೆಯಿತು. ಅವರ ಕುತ್ತಿಗೆಯಲ್ಲಿ ಇಳಿಯುತ್ತಿದ್ದ ಬೆವರನ್ನು ಅವಳು ಹಿಂದಿನ ಸಾಲಿನಲ್ಲಿ ನಿಂತು ಕಣ್ತುಂಬ ನೋಡಿದಳು.

ಆಮೇಲೆ ಸಾಹೇಬರು ತಿರುಗಿ, ಎಲ್ಲರೂ ರೇಡಿಯೋ ಮಾಮ ಎಂದು ಕರೆಯುವ ಆಪರೇಟರ್ ಕಡೆ ಬೆರಳು ತೋರಿಸಿದರು.

“ಇವನದ್ದೇ ಕೆಲಸ ಸಾರ್. ಡ್ಯೂಟಿ ಟೈಮಲ್ಲಿ ನಿದ್ದೆ ಹೊಡೀತಾನೆ. ಇವತ್ತೇ ಸಸ್ಪೆಂಡ್ ಮಾಡ್ತೀನಿ.”

ಇದೊಂದನ್ನು ಗ್ರಾಫಮ್ಮ ಯೋಚಿಸಿರಲಿಲ್ಲ. ತನ್ನ ಕೈಯಾರೆ ಇನ್ನೊಬ್ಬ ಅಪ್ಪನನ್ನು ಅದೇ ಜಾಗದಲ್ಲಿ ನಿಲ್ಲಿಸಿದ್ದಳು. ನಾಚಿಕೆಯಾಯಿತು, ಸಾಹೇಬರ ಮೇಲಿನ ಸಿಟ್ಟು ಇಮ್ಮಡಿಯಾಯಿತು.

“ಅವರದ್ದೇನೂ ತಪ್ಪಿಲ್ಲ,” ಎಂದಳು. “ಫ್ರೀಕ್ವೆನ್ಸಿ ಇಳಿಸೋ ಚೀಟಿನ ನಾನೇ ತಡೆದಿಟ್ಟೆ.”

ಸಾಹೇಬರಿಗೆ ಹೋದ ಜೀವ ಬಂದಂತಾಯಿತು. “ಕೇಳಿದ್ರಾ ಸಾರ್? ಚೀಟಿ ತಡೆಯೋರಿಗೆ ಇಲ್ಲಿ ಜಾಗ ಇಲ್ಲ. ಕೆಲಸದಿಂದ ವಜಾ ಮಾಡ್ಬೇಕು.”

“ಅದನ್ನ ಬರೆದು ಸಹಿ ಹಾಕಿ ಸಾರ್,” ಎಂದಳು ಗ್ರಾಫಮ್ಮ.

ಅವರು ಅಲ್ಲೇ ಬರೆದು ಸಹಿ ಹಾಕಿದರು. ಅವಳು ಅದರ ಪಕ್ಕಕ್ಕೆ ಹನ್ನೆರಡು ವರ್ಷದ ಹಿಂದಿನ ಕಾರ್ಬನ್ ಪ್ರತಿಯನ್ನಿಟ್ಟು, ಎರಡನ್ನೂ ಮುಖ್ಯ ಕಚೇರಿಯ ಹಿರಿಯರ ಮುಂದೆ ಸರಿಸಿದಳು.

“ಇವರೂ ಒಂದು ಚೀಟಿ ತಡೆದಿದ್ರು. ಎರಡೂ ಸಹಿ ಇವರದ್ದೇ. ಶಿಕ್ಷೆ ಏನು ಅಂತಾನೂ ಇವರೇ ಬರೆದಿದ್ದಾರೆ.”

ಹಿರಿಯರು ಓದಿದರು, ಇನ್ನೊಮ್ಮೆ ಓದಿದರು. ಸಾಹೇಬರ ಬರಹದ ಕೆಳಗೆ ‘ಇಬ್ಬರಿಗೂ’ ಎಂದು ಸೇರಿಸಿ ತಾವೂ ಸಹಿ ಹಾಕಿದರು.

ಸಂಜೆ ಅವಳು ಚೀಲ ಹೆಗಲಿಗೇರಿಸಿ ಹೊರಟಾಗ ರೇಡಿಯೋ ಮಾಮ ಮೆಟ್ಟಿಲ ಹತ್ತಿರ ನಿಂತಿದ್ದರು.

“ನನಗೆ ಈ ಕೆಲಸ ಕಲಿಸಿದ್ದು ನಿಮ್ಮಪ್ಪ,” ಎಂದರು ಮುಖ ನೋಡದೆ. “ಅವರಾಗಿದ್ರೆ ಚೀಟಿ ಕೊಟ್ಟುಬಿಡ್ತಿದ್ರು.”

“ಗೊತ್ತು ಮಾಮ,” ಎಂದಳು. “ಅದಕ್ಕೇ ಅವರು ಹಾಗೆ ಸತ್ರು.”